ಹೊಸ ಸಿನಿಮಾಗೆ ಪಟ್ಟಿಯಲ್ಲಿ ಎಲ್ಲಿ ಜಾಗ?

ಹತ್ತು ಮೆಚ್ಚಿನ ಸಿನಿಮಾಗಳ ಪಟ್ಟಿಯನ್ನು ಯಾರು ಬೇಕಾದರೂ ಮಾಡಿಯಾರು. ತಟ್ಟನೆ ನೆನಪಿಗೆ ಬರುವ ಹೆಸರುಗಳನ್ನು ಬರೆದು, ಒಂದೆರಡನ್ನು ಹಿಂದೆ ಮುಂದೆ ಮಾಡಿದರೆ ಮುಗಿಯಿತು. ಕಷ್ಟ ಶುರುವಾಗುವುದು ಪಟ್ಟಿ ಐವತ್ತು ದಾಟಿದ ಮೇಲೆ. ‘ಬಂಗಾರದ ಮನುಷ್ಯ’ ಹದಿನೇಳನೆಯದೋ ಇಪ್ಪತ್ತಮೂರನೆಯದೋ? ನಿನ್ನೆ ನೋಡಿದ ಸಿನಿಮಾ ಮೂವತ್ತರ ಆಸುಪಾಸಿನದು ಅನ್ನಿಸುತ್ತದೆ. ಮೂವತ್ತರಲ್ಲಿ ಏನಿದೆ ಎಂದು ನೋಡಿದರೆ ಅದು ಇದಕ್ಕಿಂತ ಎಷ್ಟೋ ಮೇಲು. ಇನ್ನೂರರ ಹೊತ್ತಿಗೆ ಬಹಳ ಮಂದಿ ಕೈಚೆಲ್ಲಿಬಿಡುತ್ತಾರೆ. ಕೈಚೆಲ್ಲಬೇಕಾಗಿಲ್ಲ. ಸಾವಿರ ಸಿನಿಮಾ ಆದರೂ ಕ್ರಮ ಕೆಡದಂತೆ ಪಟ್ಟಿಯನ್ನು ಕಾಪಾಡಿಕೊಳ್ಳಬಹುದು, ಒಂದು ಹೊಸ ಸಿನಿಮಾ ಸೇರಿಸಲು ಕೆಲವೇ ನಿಮಿಷ ಸಾಕು. ಮಾಡಬೇಕಾದದ್ದು ಇಷ್ಟು: ಸಿನಿಮಾಕ್ಕೆ ಅಂಕ ಕೊಡುವುದನ್ನು ಬಿಟ್ಟು, ಎರಡೆರಡು ಸಿನಿಮಾಗಳನ್ನು ಎದುರುಬದುರು ನಿಲ್ಲಿಸಿ ಕೇಳಿಕೊಳ್ಳುವುದು.

ಅಂಕದ ತೊಂದರೆ ಅದನ್ನು ನೆಚ್ಚಿಕೊಂಡವರಿಗೆಲ್ಲ ಗೊತ್ತು. ಹತ್ತಕ್ಕೆ ಎಂಟು ಪಡೆದ ಸಿನಿಮಾಗಳೇ ಪಟ್ಟಿಯ ತುಂಬ ಸೇರಿಕೊಳ್ಳುತ್ತವೆ. ಎಂಟೂಕಾಲು, ಎಂಟೂವರೆ ಎಂದು ಸೀಳಲು ಹೊರಟರೆ ಆ ಕಾಲು ಅಂಕ ಯಾವುದಕ್ಕೆ ಎಂದು ನಮಗೇ ಹೇಳಲು ಬರುವುದಿಲ್ಲ. ಕಾಲೇಜಿನಲ್ಲಿದ್ದಾಗ ಕೊಟ್ಟ ಎಂಟಕ್ಕೂ ನಲವತ್ತರ ವಯಸ್ಸಿನಲ್ಲಿ ಕೊಟ್ಟ ಎಂಟಕ್ಕೂ ಅಳತೆಗೋಲೇ ಬೇರೆ. ಇದು ನಮ್ಮ ಮನಸ್ಸು ಕೆಲಸ ಮಾಡುವ ರೀತಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ ತೋರಿಸಿದರು. ಒಂದೊಂದೇ ಸ್ವರವನ್ನು ಕೇಳಿಸಿ ‘ಇದು ಎಷ್ಟನೆಯದು’ ಎಂದರೆ ಜನ ತಪ್ಪದೆ ಗುರುತಿಸುವುದು ಸುಮಾರು ಆರು ದರ್ಜೆಗಳನ್ನು ಮಾತ್ರ. ಅದಕ್ಕಿಂತ ಹೆಚ್ಚಾದರೆ ಗೊಂದಲ. ಎರಡು ಸ್ವರಗಳನ್ನು ಒಂದರ ಹಿಂದೆ ಒಂದು ಕೇಳಿಸಿದರೆ ಮಾತ್ರ ಕೂದಲೆಳೆಯ ವ್ಯತ್ಯಾಸವೂ ಹಿಡಿದುಬಿಡುತ್ತದೆ. ಹೋಲಿಸುವುದರಲ್ಲಿ ನಾವು ಚುರುಕು, ಒಂಟಿಯಾಗಿ ಅಳೆಯುವುದರಲ್ಲಿ ಅಲ್ಲ. ಈ ಚುರುಕನ್ನು ಬಳಸಿಕೊಂಡೇ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಲೂಯಿ ಥರ್ಸ್ಟನ್ ಅದಕ್ಕೂ ಮೊದಲೇ, 1927ರಲ್ಲಿ, ಜೋಡಿ ಹೋಲಿಕೆಯ ಸಿದ್ಧಾಂತ ಕಟ್ಟಿದರು. ಯಾವ ಅಪರಾಧ ಹೆಚ್ಚು ಘೋರ ಎಂಬ, ತೂಕಕ್ಕೂ ಅಡಿಪಟ್ಟಿಗೂ ಸಿಗದ ಪ್ರಶ್ನೆಯನ್ನು ಅವರು ಎರಡೆರಡೇ ಅಪರಾಧಗಳನ್ನು ಮುಂದಿಟ್ಟು ಕೇಳಿ ಅಳೆದರು. ಮೆಚ್ಚಿನ ಸಿನಿಮಾ ಕೂಡ ಅದೇ ಜಾತಿಯ ಪ್ರಶ್ನೆ.

ಹಾಗೆಂದು ಅಂಕಗಳನ್ನು ಪೂರ್ತಿ ಎಸೆಯಬೇಕಿಲ್ಲ. ತುಂಬ ಇಷ್ಟ, ಇಷ್ಟ, ಪರವಾಗಿಲ್ಲ, ಬೇಡ ಎಂದು ಮೊದಲ ಸುತ್ತಿನಲ್ಲಿ ನಾಲ್ಕು ರಾಶಿ ಮಾಡಲು ಅವು ಸಾಕು. ‘ಬೇಡ’ದ ರಾಶಿಯನ್ನು ಶ್ರೇಯಾಂಕಕ್ಕೆ ತರಲೇಬೇಡಿ. ಕೆಟ್ಟ ಸಿನಿಮಾಗಳಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ತೀರ್ಮಾನಿಸುತ್ತ ಕೂತ ಸಮಯದಲ್ಲಿ ಒಂದು ಒಳ್ಳೆಯ ಸಿನಿಮಾ ನೋಡಬಹುದು.

ಹೋಲಿಸುವ ಮೊದಲು ಪ್ರಶ್ನೆ ಗಟ್ಟಿಯಾಗಬೇಕು. ‘ಯಾವುದು ಒಳ್ಳೆಯದು’ ಎಂದು ಕೇಳಿದರೆ ಮನಸ್ಸು ಒಂದು ಸಲ ವಿಮರ್ಶಕನ ಹಾಗೆ, ಇನ್ನೊಂದು ಸಲ ಅಭಿಮಾನಿಯ ಹಾಗೆ ಉತ್ತರ ಕೊಡುತ್ತದೆ. ‘ಇವತ್ತು ರಾತ್ರಿ ಯಾವುದನ್ನು ನೋಡುತ್ತೀಯ?’ ಎಂದು ಕೇಳಿಕೊಂಡರೆ ‘ಗಣೇಶನ ಮದುವೆ’ ನೂರಕ್ಕೆ ನೂರು ಗೆಲ್ಲುತ್ತದೆ, ‘ಘಟಶ್ರಾದ್ಧ’ ಸೋಲುತ್ತದೆ. ‘ಇವೆರಡರಲ್ಲಿ ಒಂದನ್ನು ಇನ್ನೆಂದೂ ನೋಡಲಾಗದು ಎಂದರೆ ಯಾವುದನ್ನು ಉಳಿಸಿಕೊಳ್ಳುತ್ತೀಯ?’ ಎಂದರೆ ಉತ್ತರ ತಿರುಗಿಬಿಡಬಹುದು. ನಾನು ಎರಡನೆಯ ಪ್ರಶ್ನೆಯ ಪರ. ಅದು ಆ ಹೊತ್ತಿನ ಲಹರಿಯನ್ನು ಬದಿಗಿಟ್ಟು, ಆ ಸಿನಿಮಾ ನಮ್ಮೊಳಗೆ ಎಷ್ಟು ಬೇರು ಬಿಟ್ಟಿದೆ ಎಂಬುದನ್ನು ಕೇಳುತ್ತದೆ. ಮೊದಲನೆಯದನ್ನೇ ಆರಿಸಿಕೊಂಡರೂ ಪಟ್ಟಿ ನಡೆಯುತ್ತದೆ. ಯಾವುದೇ ಆಗಲಿ, ಅದನ್ನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆದಿಡಿ, ಪ್ರತಿ ಹೋಲಿಕೆಗೂ ಅದನ್ನೇ ಕೇಳಿ. ಪ್ರಶ್ನೆ ಬದಲಾದರೆ ಪಟ್ಟಿಯನ್ನೇ ಹೊಸದಾಗಿ ಮಾಡಬೇಕು.

ಈಗ ಮುಖ್ಯ ಕೆಲಸ. ಹದಿನೈದು ಸಿನಿಮಾಗಳ ಒಂದು ಪಟ್ಟಿ ಆಗಲೇ ಸಿದ್ಧವಾಗಿದೆ ಎಂದುಕೊಳ್ಳಿ. ‘ತಿಥಿ’ಯನ್ನು ಸೇರಿಸಬೇಕು. ಒಂದರಿಂದ ಶುರುಮಾಡಿ ಪ್ರತಿಯೊಂದರ ಜೊತೆ ಹೋಲಿಸುತ್ತ ಇಳಿಯುವುದು ದಂಡ. ನಿಘಂಟಿನಲ್ಲಿ ಪದ ಹುಡುಕುವಾಗ ಯಾರೂ ಮೊದಲ ಪುಟದಿಂದ ತಿರುವುವುದಿಲ್ಲ, ನಡುವೆ ತೆರೆದು ಹಿಂದಕ್ಕೋ ಮುಂದಕ್ಕೋ ಹೋಗುತ್ತಾರೆ. ಇಲ್ಲೂ ಅಷ್ಟೇ. ನೇರ ನಡುವಿನ, ಅಂದರೆ ಎಂಟನೆಯ ಸಿನಿಮಾಕ್ಕೆ ಹೋಗಿ.

ಎಂಟರಲ್ಲಿ ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ ಇದೆ. ಅಮಲಿನಲ್ಲಿ ಕಾರು ಓಡಿಸಿದ ಸಿರಿವಂತರ ಹುಡುಗರು, ಫುಟ್‌ಪಾತಿನಲ್ಲಿ ಮಲಗಿದವರ ಸಾವು, ಅದನ್ನು ಬೆನ್ನು ಹತ್ತುವ ಪತ್ರಕರ್ತ, ಹಾಡಿಲ್ಲ, ಅಲಂಕಾರವಿಲ್ಲ. ಆದರೂ ಉಳಿಸಿಕೊಳ್ಳುವ ಪ್ರಶ್ನೆ ಬಂದರೆ ನನ್ನ ಕೈ ‘ತಿಥಿ’ಯ ಕಡೆ ಹೋಗುತ್ತದೆ. ಮಂಡ್ಯ ಸೀಮೆಯ ಹಳ್ಳಿಯವರೇ ತಮ್ಮ ಮಾತಿನಲ್ಲೇ ನಟಿಸಿದ ಆ ಸಿನಿಮಾದಂಥದ್ದು ಇನ್ನೊಂದಿಲ್ಲ. ಹಾಗಾಗಿ ‘ತಿಥಿ’ ಎಂಟಕ್ಕಿಂತ ಮೇಲೆ. ಒಂಬತ್ತರಿಂದ ಹದಿನೈದರವರೆಗಿನ ಯಾವುದನ್ನೂ ಇನ್ನು ಮುಟ್ಟಬೇಕಿಲ್ಲ.

ಉಳಿದ ಏಳರ ನಡು ನಾಲ್ಕು. ಅಲ್ಲಿ ‘ನಾಗರಹಾವು’ (1972). ಚಿತ್ರದುರ್ಗದ ಕೋಟೆ, ರಾಮಾಚಾರಿ, ಚಾಮಯ್ಯ ಮೇಷ್ಟ್ರು. ಇದನ್ನು ಬಿಟ್ಟುಕೊಡಲು ನನ್ನಿಂದಾಗದು. ‘ತಿಥಿ’ ನಾಲ್ಕಕ್ಕಿಂತ ಕೆಳಗೆ. ಉಳಿದದ್ದು ಐದು, ಆರು, ಏಳು, ನಡು ಆರು. ಆರರಲ್ಲಿ ‘ಗೆಜ್ಜೆ ಪೂಜೆ’ (1969). ಇಲ್ಲಿ ಕೊಂಚ ಹೊತ್ತು ಬೇಕಾಗುತ್ತದೆ. ಕಲ್ಪನಾ ಅವರ ಮುಖ ಒಂದು ಕಡೆ; ಇನ್ನೊಂದು ಕಡೆ ಅಪ್ಪ ಸತ್ತರೂ ಅಲುಗದೆ ಬೀಡಿ ಸೇದುತ್ತ ಹೊಲಗದ್ದೆಗಳ ನಡುವೆ ಅಲೆಯುವ ಗಡ್ಡಪ್ಪ. ತಕ್ಕಡಿ ಗಡ್ಡಪ್ಪನ ಕಡೆ ವಾಲುತ್ತದೆ. ಕೊನೆಯದಾಗಿ ಐದು: ‘ತಬರನ ಕಥೆ’. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನ ಪಾತ್ರದಲ್ಲಿ ಚಾರುಹಾಸನ್ ಅವರನ್ನು ಒಮ್ಮೆ ನೋಡಿದವರು ಮರೆಯುವುದುಂಟೇ? ‘ತಿಥಿ’ ಇಲ್ಲಿ ಸೋಲುತ್ತದೆ. ಅಂದರೆ ಅದು ಹೊಸ ಆರನೆಯದು, ‘ಗೆಜ್ಜೆ ಪೂಜೆ’ ಏಳಕ್ಕೆ ಸರಿಯುತ್ತದೆ. ಹದಿನೈದು ಸಿನಿಮಾ, ನಾಲ್ಕೇ ಪ್ರಶ್ನೆ.

ಈ ವಿಧಾನದ ಶಕ್ತಿ ಗೊತ್ತಾಗುವುದು ಪಟ್ಟಿ ಬೆಳೆದಾಗ. ಪಟ್ಟಿ ಹೆಚ್ಚುಕಡಿಮೆ ಎರಡರಷ್ಟಾದಾಗ ಪ್ರಶ್ನೆ ಒಂದು ಹೆಚ್ಚಾಗುತ್ತದೆ, ಅಷ್ಟೇ. 31 ಸಿನಿಮಾಗೆ ಐದು, 127ಕ್ಕೆ ಏಳು, 511ಕ್ಕೆ ಒಂಬತ್ತು, 1,023ಕ್ಕೆ ಹತ್ತು. ಪ್ರತಿ ಜೋಡಿಯನ್ನೂ ಹೋಲಿಸಲು ಕೂತಿದ್ದರೆ 100 ಸಿನಿಮಾಗೇ 4,950 ಹೋಲಿಕೆ ಬೇಕಾಗುತ್ತಿತ್ತು, 500ಕ್ಕೆ 1,24,750. ಹಳೆಯ ನೆನಪಿನ ನೂರಾರು ಸಿನಿಮಾಗಳನ್ನು ಒಟ್ಟಿಗೆ ಸೇರಿಸಬೇಕೆಂದಿರುವವರು ಒಂದೇ ದಿನಕ್ಕೆ ಮುಗಿಸಲು ಹೋಗಬಾರದು. ಹದಿನೈದರಿಂದ ಶುರುಮಾಡಿ ದಿನಕ್ಕೆ ಎರಡೋ ಮೂರೋ ಸೇರಿಸುತ್ತ ಬಂದರೆ ಪ್ರತಿ ಹೋಲಿಕೆಗೂ ಗಮನ ಸಿಗುತ್ತದೆ. ದಣಿದ ಮನಸ್ಸು ಹೆಸರು ದೊಡ್ಡದಾಗಿರುವ ಸಿನಿಮಾಕ್ಕೆ ವೋಟು ಹಾಕಿಬಿಡುತ್ತದೆ.

ಒಂದು ದೌರ್ಬಲ್ಯವಿದೆ, ಅದನ್ನು ಮೊದಲೇ ತಿಳಿದಿರಬೇಕು. ಮೊದಲ ಪ್ರಶ್ನೆಗೆ ಕೊಟ್ಟ ಉತ್ತರ ತಪ್ಪಾದರೆ ಸಿನಿಮಾ ಪಟ್ಟಿಯ ತಪ್ಪು ಅರ್ಧಕ್ಕೆ ಹೋಗಿ ಬೀಳುತ್ತದೆ, ಆಮೇಲಿನ ಉತ್ತರಗಳೆಲ್ಲ ಸರಿಯಿದ್ದರೂ ಹಿಂದಿರುಗುವ ದಾರಿ ಇಲ್ಲ. ಆದ್ದರಿಂದ ಜಾಗ ಸಿಕ್ಕ ಮೇಲೆ ಅಕ್ಕಪಕ್ಕದ ಮನೆಗಳನ್ನು ನೋಡಿ: ಮೇಲಿನ ಎರಡು, ಕೆಳಗಿನ ಎರಡು. ಮೇಲಿನದನ್ನು ಸೋಲಿಸುತ್ತದೆ ಅನ್ನಿಸಿದರೆ ಒಂದು ಮೆಟ್ಟಿಲು ಹತ್ತಿಸಿ, ಮತ್ತೆ ಕೇಳಿ. ಸೋಲುವವರೆಗೆ ಹತ್ತುತ್ತ ಹೋಗಲಿ. ಇನ್ನೊಂದು ಉಪಾಯ, ಕಟ್ಟುನಿಟ್ಟಾಗಿ ನಡುವಿನ ಸಿನಿಮಾವನ್ನೇ ಹಿಡಿಯದೆ, ಅದರ ಹತ್ತಿರದಲ್ಲಿ ನಿಮಗೆ ಚೆನ್ನಾಗಿ ನೆನಪಿರುವ, ಜಾಗ ಗಟ್ಟಿಯಾಗಿರುವ ಸಿನಿಮಾದ ಜೊತೆ ಹೋಲಿಸುವುದು. ದೊಡ್ಡ ಪಟ್ಟಿಯಲ್ಲಿ ಪ್ರತಿ ಇಪ್ಪತ್ತೈದಕ್ಕೆ ಒಂದರಂತೆ ಇಂಥ ಮೈಲಿಗಲ್ಲುಗಳನ್ನು ಗುರುತು ಹಾಕಿಕೊಂಡರೆ ಮೊದಲ ಎರಡು ಮೂರು ಪ್ರಶ್ನೆಗಳಲ್ಲಿ ಎಡವುವುದಿಲ್ಲ.

ಎಷ್ಟೇ ಎಚ್ಚರವಹಿಸಿದರೂ ಸುತ್ತು ಬೀಳುವ ಪ್ರಸಂಗಗಳು ಬರುತ್ತವೆ. ‘ಓಂ’ (1995) ಮತ್ತು ‘ದ್ವೀಪ’ (2002) ನಡುವೆ ನನಗೆ ‘ಓಂ’. ಕಾಲವನ್ನು ಹಿಂದೆ ಮುಂದೆ ಎಳೆದಾಡುವ ಅದರ ಕಥನದ ಧೈರ್ಯಕ್ಕೆ. ‘ದ್ವೀಪ’ ಮತ್ತು ‘ಮುಂಗಾರು ಮಳೆ’ (2006) ನಡುವೆ ‘ದ್ವೀಪ’. ಎರಡರಲ್ಲೂ ಮಲೆನಾಡಿನ ಮಳೆ ಧೋ ಎಂದು ಸುರಿದರೂ, ಮುಳುಗುವ ಮನೆಯ ಮೇಲೆ ಬೀಳುವ ಮಳೆಯ ತೂಕವೇ ಬೇರೆ. ‘ಮುಂಗಾರು ಮಳೆ’ ಮತ್ತು ‘ಓಂ’ ನಡುವೆ? ಹಾಡುಗಳನ್ನು ಬಿಟ್ಟುಕೊಡಲಾರದೆ ‘ಮುಂಗಾರು ಮಳೆ’. ಮೂರೂ ಒಂದನ್ನೊಂದು ಸೋಲಿಸಿದವು. ಮತದಾನದಲ್ಲಿ ಇಂಥ ಸುತ್ತು ಹುಟ್ಟಬಹುದೆಂದು ಫ್ರಾನ್ಸಿನ ಚಿಂತಕ ಕೊಂಡೋರ್ಸೆ 1785ರಲ್ಲೇ ತೋರಿಸಿದ್ದ. ಅಲ್ಲಿ ಬೇರೆ ಬೇರೆ ಮತದಾರರು. ಇಲ್ಲಿ ಒಬ್ಬನೊಳಗೇ ಕಥನ ಮೆಚ್ಚುವವನು, ಮಳೆ ಮೆಚ್ಚುವವನು, ಹಾಡು ಮೆಚ್ಚುವವನು ಬೇರೆ ಬೇರೆಯಾಗಿ ಮತ ಹಾಕುತ್ತಾರೆ. ಇದನ್ನು ಬಲವಂತವಾಗಿ ಬಿಡಿಸಬೇಡಿ. ಮೂರನ್ನೂ ಒಂದೇ ಕಟ್ಟಿನಲ್ಲಿಟ್ಟು, ಮೂರಕ್ಕೂ ಒಂದೇ ಸ್ಥಾನ ಕೊಡಿ. ಮುಂದೆ ಯಾವುದಾದರೂ ಒಂದನ್ನು ಮತ್ತೆ ನೋಡಿದಾಗ ಕಟ್ಟು ತಾನಾಗಿ ಬಿಚ್ಚಿಕೊಳ್ಳಬಹುದು.

ಬರೆದಿಡುವುದು ಹೇಗೆ ಎಂಬುದು ಸಣ್ಣ ವಿಷಯದಂತೆ ಕಂಡರೂ ಪಟ್ಟಿಗಳು ಸಾಯುವುದು ಹೆಚ್ಚಾಗಿ ಇಲ್ಲೇ. ಪುಸ್ತಕದಲ್ಲಿ 1ರಿಂದ 80ರವರೆಗೆ ಅಂಕಿ ಹಾಕಿ ಬರೆದಿದ್ದರೆ, 12ರಲ್ಲಿ ಒಂದು ಸಿನಿಮಾ ತೂರಿಸಿದ ಕೂಡಲೇ ಕೆಳಗಿನ ಅರವತ್ತೊಂಬತ್ತು ಅಂಕಿಗಳನ್ನು ತಿದ್ದಬೇಕು. ಕಾಗದವನ್ನೇ ಇಷ್ಟಪಡುವವರು ಒಂದೊಂದು ಸಿನಿಮಾಗೆ ಒಂದೊಂದು ಚೀಟಿ ಮಾಡಿ, ಡಬ್ಬಿಯಲ್ಲಿ ಕ್ರಮವಾಗಿ ಜೋಡಿಸಿಡುವುದು ಒಳ್ಳೆಯದು. ಮದುವೆ ಕರೆಯೋಲೆಯ ಖಾಲಿ ಬೆನ್ನು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಎಕ್ಸೆಲ್ ಬಳಸುವವರು ‘ಕ್ರಮ’ ಎಂಬ ಕಾಲಂನಲ್ಲಿ 10, 20, 30 ಎಂದು ಅಂತರ ಬಿಟ್ಟು ಅಂಕಿ ಕೊಡಲಿ. 20 ಮತ್ತು 30ರ ನಡುವೆ ಬರುವ ಸಿನಿಮಾಗೆ 25, ಅದರ ಮೇಲೆ ಮತ್ತೊಂದು ಬಂದರೆ 22. ಆಮೇಲೆ ಆ ಕಾಲಂ ಮೇಲೆ ಸಾರ್ಟ್ ಮಾಡಿದರೆ ಸಾಲಿನ ಸಂಖ್ಯೆಯೇ ಸ್ಥಾನ. ಪಕ್ಕದಲ್ಲಿ ನಿರ್ದೇಶಕ, ವರ್ಷ, ಕೊನೆಯ ಸಲ ನೋಡಿದ ತಾರೀಖು, ಎಲ್ಲಿ ನೋಡಿದ್ದು ಎಂಬ ಕಾಲಂಗಳಿರಲಿ. ಜೊತೆಗೆ ಒಂದು ಸಾಲಿನ ಕಾರಣ: ಇದು ಇಲ್ಲಿ ಏಕೆ ಇದೆ? ವರ್ಷ ಕಳೆದ ಮೇಲೆ ಸ್ಥಾನವನ್ನು ಪ್ರಶ್ನಿಸುವಾಗ ಈ ಒಂದು ಸಾಲು ಉಳಿದೆಲ್ಲ ಕಾಲಂಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಎಲ್ಲಿ ನೋಡಿದ್ದು, ಯಾವ ರೂಪದಲ್ಲಿ ನೋಡಿದ್ದು ಎಂಬುದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ‘ಘಟಶ್ರಾದ್ಧ’ವನ್ನು ಮಸುಕು ಮಸುಕಾದ ಪ್ರತಿಯಲ್ಲಿ, ಅರ್ಧ ಮಾತು ಕೇಳಿಸದೆ ನೋಡಿದವರು ಅನೇಕರು. 1977ರ ಆ ಸಿನಿಮಾ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆಕಂಡಿತು. ಹಾಳಾದ ಪ್ರತಿ ನೋಡಿ ಕೊಟ್ಟ ಸ್ಥಾನ ಸಿನಿಮಾದ ಸ್ಥಾನವಲ್ಲ, ಪ್ರತಿಯ ಸ್ಥಾನ. ‘ಕಸ್ತೂರಿ ನಿವಾಸ’ 1971ರಲ್ಲಿ ಕಪ್ಪುಬಿಳುಪು, 2014ರಲ್ಲಿ ಬಣ್ಣದಲ್ಲಿ ಮರುಬಿಡುಗಡೆ. ನೀವು ಯಾವುದನ್ನು ಪಟ್ಟಿಗೆ ಸೇರಿಸಿದ್ದೀರಿ ಎಂದು ಬರೆದಿಡಿ. ರೀಮೇಕುಗಳನ್ನು ಬೇರೆ ಸಿನಿಮಾ ಎಂದೇ ಎಣಿಸಬೇಕು: ಮಲಯಾಳದ ‘ದೃಶ್ಯಂ’ ಒಂದು, ಕನ್ನಡದ ‘ದೃಶ್ಯ’ ಇನ್ನೊಂದು. ಎರಡು ಭಾಗದ ಸಿನಿಮಾಗಳಲ್ಲಿ ಮಾತ್ರ ನಿರ್ಧಾರ ನಿಮಗೆ ಬಿಟ್ಟದ್ದು. ‘ಸಪ್ತ ಸಾಗರದಾಚೆ ಎಲ್ಲೋ’ದ ಎರಡೂ ಭಾಗಗಳು 2023ರಲ್ಲೇ ಬಂದವು, ಒಂದನ್ನು ಬಿಟ್ಟು ಇನ್ನೊಂದಿಲ್ಲ. ನಾನಾದರೆ ಒಂದೇ ಸಾಲಿನಲ್ಲಿ ಬರೆಯುತ್ತೇನೆ. ‘ಕೆಜಿಎಫ್’ನ ಎರಡು ಭಾಗಗಳ ನಡುವೆ ಮೂರು ವರ್ಷಕ್ಕೂ ಹೆಚ್ಚು ಅಂತರವಿದೆ, ರುಚಿಯೂ ಬೇರೆ, ಎರಡು ಸಾಲು.

ಥಿಯೇಟರಿನಿಂದ ಹೊರಬಂದ ರಾತ್ರಿ ಸ್ಥಾನ ಕೊಡಬಾರದು. ಅನುಭವವೊಂದರ ನೆನಪು ಬಹುಪಾಲು ಅದರ ಅತಿ ತೀವ್ರ ಗಳಿಗೆ ಮತ್ತು ಕೊನೆಯ ಗಳಿಗೆಗಳಿಂದ ರೂಪುಗೊಳ್ಳುತ್ತದೆ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಸಂಗಡಿಗರು ತೋರಿಸಿದ್ದಾರೆ. ‘ಕಾಂತಾರ’ (2022) ನೋಡಿ ಹೊರಬಂದವರ ಕಿವಿಯಲ್ಲಿ ಕೊನೆಯ ಇಪ್ಪತ್ತು ನಿಮಿಷದ ಕೂಗೇ ತುಂಬಿರುತ್ತದೆ, ಮೊದಲರ್ಧದ ಪ್ರೇಮ ಪ್ರಸಂಗ ನೆನಪಿಗೂ ಬರುವುದಿಲ್ಲ. ಹೊಸದನ್ನೆಲ್ಲ ಮೊದಲು ಒಂದು ಕಾಯುವ ಪಟ್ಟಿಗೆ ಹಾಕಿ. ತಿಂಗಳ ಮೇಲೆ ತೆಗೆದು, ಆಗ ಉಳಿದಿರುವ ನೆನಪಿನಿಂದ ಹೋಲಿಸಿ. ಕೆಲವು ಅಷ್ಟರಲ್ಲಿ ಆವಿಯಾಗಿರುತ್ತವೆ, ಕೆಲವು ಬೆಳೆದಿರುತ್ತವೆ.

ಹಳೆಯವುಗಳದು ಇದಕ್ಕೆ ತಿರುಗುಮುರುಗಾದ ಸಮಸ್ಯೆ. ಭಾನುವಾರದ ದೂರದರ್ಶನದಲ್ಲಿ ಮನೆಮಂದಿಯೆಲ್ಲ ಕೂತು ನೋಡಿದ ಸಿನಿಮಾ ಮೇಲ್ಗಡೆ ಬೆಚ್ಚಗೆ ಕೂತಿರುತ್ತದೆ, ಇಪ್ಪತ್ತು ವರ್ಷದಿಂದ ಯಾರೂ ಅದನ್ನು ಪರೀಕ್ಷಿಸಿರುವುದಿಲ್ಲ. ಅಂಥವಕ್ಕೆ ಒಂದು ಗುರುತು ಹಾಕಿಡಿ, ಸಿಕ್ಕಾಗ ಮತ್ತೆ ನೋಡಿ, ಮತ್ತೆ ಹೋಲಿಕೆಗೆ ಇಳಿಸಿ. ಅಮೆರಿಕದ ವಿಮರ್ಶಕಿ ಪಾಲಿನ್ ಕೇಲ್ ಒಮ್ಮೆ ನೋಡಿದ ಸಿನಿಮಾವನ್ನು ಎರಡನೆಯ ಸಲ ನೋಡುತ್ತಿರಲಿಲ್ಲವೆಂಬುದು ಪ್ರಸಿದ್ಧ. ವಾರಕ್ಕೊಮ್ಮೆ ವಿಮರ್ಶೆ ಬರೆಯುವವರಿಗೆ ಅದು ಸರಿಹೋದೀತು; ಬೆಳೆಯುವ ಪಟ್ಟಿ ಇಟ್ಟುಕೊಂಡವರಿಗೆ ಮರುನೋಟವೇ ಉಸಿರು. ಮೇಲಿನ ಇಪ್ಪತ್ತೈದನ್ನಾದರೂ ಸರದಿಯಂತೆ ನೋಡುತ್ತಿರಬೇಕು.

ಇಪ್ಪತ್ತೈದು ಎಂದದ್ದಕ್ಕೆ ಕಾರಣವಿದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರ ನಿಮ್ಮ ಎದೆಗೆ ಗೊತ್ತು. 140ಕ್ಕೂ 141ಕ್ಕೂ ಇರುವ ಅಂತರ ಯಾರಿಗೂ ಗೊತ್ತಿಲ್ಲ, ಅಲ್ಲಿ ಸಿನಿಮಾಗಳು ಒತ್ತೊತ್ತಾಗಿ ನಿಂತಿರುತ್ತವೆ. ಮೇಲಿನ ಇಪ್ಪತ್ತೈದನ್ನು ಒಂದೊಂದಾಗಿ ಜಗಳವಾಡಿ ನಿಲ್ಲಿಸಿ. ನೂರರವರೆಗೆ ಹೋಲಿಕೆ ಕೊಟ್ಟ ಕ್ರಮವನ್ನು ನಂಬಿ. ಅಲ್ಲಿಂದ ಕೆಳಗೆ ಇಪ್ಪತ್ತೈದು ಇಪ್ಪತ್ತೈದರ ಗುಂಪು ಸಾಕು, ಗುಂಪಿನೊಳಗಿನ ಕ್ರಮಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಫೋನಿನಲ್ಲೋ ಕಂಪ್ಯೂಟರಿನಲ್ಲೋ ಸಣ್ಣ ಪ್ರೋಗ್ರಾಂ ಬರೆಯಬಲ್ಲವರಿಗೆ ಇನ್ನೊಂದು ದಾರಿ ಚೆಸ್ ಆಟದಿಂದ ಬಂದಿದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾದ್ ಈಲೊ ರೂಪಿಸಿದ ರೇಟಿಂಗನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ‘ದಿ ಸೋಷಿಯಲ್ ನೆಟ್‌ವರ್ಕ್’ ಸಿನಿಮಾದಲ್ಲಿ ಹಾಸ್ಟೆಲ್ಲಿನ ಕಿಟಕಿ ಗಾಜಿನ ಮೇಲೆ ಬರೆಯುವುದು ಇದೇ ಸೂತ್ರವನ್ನು. ಪ್ರತಿ ಸಿನಿಮಾಗೂ 1,500 ಕೊಟ್ಟು ಶುರುಮಾಡಿ, ಎರಡೆರಡನ್ನು ಎದುರಿಗೆ ತಂದು ಗೆದ್ದದ್ದಕ್ಕೆ ಅಂಕ ಕೂಡಿ, ಸೋತದ್ದರಿಂದ ಅಷ್ಟೇ ಕಳೆಯಬೇಕು. ಎಷ್ಟು ಎಂಬುದು ನಿರೀಕ್ಷೆಯ ಮೇಲೆ ನಿಂತಿದೆ. ಒಂದು ಪಂದ್ಯಕ್ಕೆ ಗರಿಷ್ಠ 32 ಎಂದಿಟ್ಟುಕೊಂಡರೆ, ಸಮಬಲರಲ್ಲಿ ಗೆದ್ದದ್ದಕ್ಕೆ 16. 1,600ರ ಸಿನಿಮಾ 1,400ರದನ್ನು ಸೋಲಿಸಿದರೆ ಬರಿಯ 8, ಅದು ನಿರೀಕ್ಷಿಸಿದ್ದೇ. 1,400ರದು ಗೆದ್ದುಬಿಟ್ಟರೆ 24. ಇದರ ದೊಡ್ಡ ಗುಣ ಸೈರಣೆ: ಒಂದು ದಿನದ ತಪ್ಪು ಉತ್ತರ ಮುಂದಿನ ಪಂದ್ಯಗಳಲ್ಲಿ ತೊಳೆದುಹೋಗುತ್ತದೆ, ಸುತ್ತು ಬಿದ್ದ ಮೂವರು ತಾವಾಗಿ ಹತ್ತಿರ ಹತ್ತಿರ ನಿಲ್ಲುತ್ತಾರೆ. ಆದರೆ ಪಂದ್ಯಗಳು ಬಹಳ ಬೇಕು, ಹೊಸ ಸಿನಿಮಾದ ಜಾಗ ಸ್ಥಿರವಾಗಲು ಹೊತ್ತು ಹಿಡಿಯುತ್ತದೆ. ನಡುವಿನಿಂದ ಹುಡುಕಿ ಜಾಗ ಕೊಡುವುದು, ಬಿಡುವಿದ್ದಾಗ ಒಂದೆರಡು ಪಂದ್ಯ ಆಡಿಸಿ ಸರಿಪಡಿಸುವುದು: ಎರಡನ್ನೂ ಬೆರೆಸಿದವರ ಪಟ್ಟಿ ಚೆನ್ನಾಗಿರುತ್ತದೆ.

ವರ್ಷಕ್ಕೊಮ್ಮೆ ಇಡೀ ಪಟ್ಟಿಯ ಒಂದು ಪ್ರತಿಯನ್ನು ತಾರೀಖು ಹಾಕಿ ತೆಗೆದಿಡಿ, ಅದನ್ನು ಮತ್ತೆ ತಿದ್ದಬೇಡಿ. ಬ್ರಿಟನ್ನಿನ ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತಿದೆ. ಮೊದಲು ‘ಬೈಸಿಕಲ್ ಥೀವ್ಸ್’, 1962ರಿಂದ 2002ರವರೆಗೆ ‘ಸಿಟಿಜನ್ ಕೇನ್’, 2012ರಲ್ಲಿ ‘ವರ್ಟಿಗೊ’, 2022ರಲ್ಲಿ ಶಾಂತಾಲ್ ಆ್ಯಕರ್ಮನ್ ಅವರ ‘ಜಾನ್ ಡೀಲ್ಮನ್’. ಈ ಸಾಲು ಓದುವಾಗ ಸಿಗುವ ಸುಖ ಹಳೆಯ ಪ್ರತಿಗಳು ಉಳಿದಿರುವುದರಿಂದ ಬಂದದ್ದು. ಅಲ್ಲಿ ಪ್ರತಿಯೊಬ್ಬರೂ ಹತ್ತು ಹೆಸರು ಕಳಿಸುತ್ತಾರೆ, ಹತ್ತಕ್ಕೂ ಒಂದೊಂದೇ ಮತ, ಒಂದು ಎರಡು ಎಂಬ ಭೇದವಿಲ್ಲ. ಮನೆಯವರೋ ಗೆಳೆಯರೋ ಸೇರಿ ಪಟ್ಟಿ ಮಾಡುವಾಗ ಈ ಕ್ರಮ ಒಳ್ಳೆಯದು. ಕೂಡಿಸುವುದು ಸುಲಭ, ಜಗಳವೂ ಕಡಿಮೆ.

ಪಟ್ಟಿ ದೊಡ್ಡದಾದ ಮೇಲೆ ಅದರಿಂದ ಬೇರೆ ಉತ್ತರಗಳನ್ನೂ ಪಡೆಯಬಹುದು. ನನಗೆ ನಿಜವಾಗಿ ಇಷ್ಟದ ನಿರ್ದೇಶಕರು ಯಾರು? ಬರಿಯ ಸರಾಸರಿ ತೆಗೆದರೆ ಒಂದೇ ಸಿನಿಮಾ ಮಾಡಿ ಮೇಲೆ ಕೂತವರು ಗೆದ್ದುಬಿಡುತ್ತಾರೆ. ಐಎಂಡಿಬಿ ತನ್ನ ಟಾಪ್ 250 ಪಟ್ಟಿಗೆ ಪ್ರಕಟಿಸಿದ್ದ ಸೂತ್ರದ ತಂತ್ರವನ್ನು ಇಲ್ಲಿ ಬಳಸಿಕೊಳ್ಳಬಹುದು: ಮತ ಕಡಿಮೆಯಿದ್ದಷ್ಟೂ ಅಂಕವನ್ನು ಒಟ್ಟಾರೆ ಸರಾಸರಿಯ ಕಡೆಗೆ ಎಳೆಯುವುದು. 200 ಸಿನಿಮಾಗಳ ಪಟ್ಟಿಯಲ್ಲಿ 20ನೆಯದು ನೂರಕ್ಕೆ 90, 50ನೆಯದು 75, ಒಟ್ಟಾರೆ ಸರಾಸರಿ 50 ಎಂದಿರಲಿ. ಪ್ರತಿ ನಿರ್ದೇಶಕರಿಗೂ ಸರಾಸರಿ ಅಂಕದ ಮೂರು ಕಾಲ್ಪನಿಕ ಸಿನಿಮಾಗಳನ್ನು ಸೇರಿಸಿ ಲೆಕ್ಕ ಹಾಕಿ. 90ರ ಒಂದೇ ಸಿನಿಮಾ ಇರುವವರಿಗೆ 60 ಬರುತ್ತದೆ. ಸರಾಸರಿ 75ರ ಎಂಟು ಸಿನಿಮಾ ಇರುವವರಿಗೆ 68. ಒಂದೇ ಸಿನಿಮಾದವರು ಇನ್ನೆರಡು ಮಾಡಿ, ಅವೂ 90ರ ಎತ್ತರಕ್ಕೇ ಏರಿದರೆ, ಆಗ ಅವರಿಗೆ 70.